ಎಡಗಡೆಯ ಹಣ್ಣಿನ ಹೋಳು

ಥೆರಪಿ ಕೋಣೆಯ ಹೊರಗೆ, ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ದರ್ಜಿ ಹೆಂಗಸಿನ ಕಿವಿ ಪಕ್ಕದ ಅತ್ತಿಗೆ-ನಾದಿನಿಯರ ಮಾತಿನ ಮೇಲೇ ಇತ್ತು.

"ಅತ್ತಿಗೆ, ಅಣ್ಣ ಈಗ್ಲೂ ಅರ್ಧ ತಟ್ಟೆ ಹಾಗೇ ಬಿಟ್ಟು ಏಳ್ತಾನಾ?"

"ಮೆದುಳಿಗೆ ಪೆಟ್ಟಾದ್ಮೇಲೆ ಎಡಗಡೆ ಅನ್ನೋದೇ ಮರೆತೋಗಿತ್ತಲ್ಲ! ಕಣ್ಣು ಸರಿಯಿದೆ, ಆ ಕಡೆ ಗಮನ ಹೋಗಲ್ಲ ಅಂದ್ರು ಡಾಕ್ಟ್ರು. ಅದಕ್ಕೇ ಊಟಕ್ಕೆ ನನ್ನನ್ನ ಅವರ ಎಡಗಡೆ ಕೂರೋಕೆ ಹೇಳಿದ್ರು."

"ಕೂತು?"

"ದಿನಾ ಅವರ ತಟ್ಟೆಯ ಆ ಕಡೆಯಿಂದ ಹಣ್ಣಿನ ಹೋಳು ಕದೀತಿದ್ದೆ."

"ಅಯ್ಯೋ ಕಳ್ಳಿ!"

"ನಿನ್ನೆ ಗಪ್ ಅಂತ ಕೈ ಹಿಡಿದ್ರು ಕಣೇ! 'ಅದು ನಂದು' ಅಂತ ಗದರಿದ್ರು!"

ಅಷ್ಟರಲ್ಲಿ ಅಣ್ಣ ಕೋಲೂರಿಕೊಂಡು ಹೊರಬಂದ. ದರ್ಜಿ ದಿನವೂ ಕೂರುತ್ತಿದ್ದುದು ಆ ಬಾಗಿಲಿಂದ ಹೊರಬರುವವರ ಎಡಕ್ಕೇ. ಅವನು ಒಮ್ಮೆಯೂ ನೋಡಿರಲಿಲ್ಲ. ಇಂದು ನಿಂತು, ಕತ್ತು ಹೊರಳಿಸಿದ.

"ಕೈಗೆ ಏನಾಯ್ತಮ್ಮಾ?"

"ಗಾಯ ಆಗಿತ್ತಣ್ಣ. ವಾಸಿಯಾಗ್ತಿದೆ."

"ನಂಗೂ," ಎಂದು ಬೀಗುತ್ತ ಅವನು ಹೆಂಡತಿಯತ್ತ ಎಡಗೈ ಚಾಚಿ ಹೊರಟ.