ಟಿವಿ ಹಿಂದಿನ ಹಸಿರು

ಹಿಡಿ, ಹಿಡಿ... ಬಿಡಬ್ಯಾಡ ನೀಲಾ! ಈ ದೀಪದ ಪಟ್ಟಿ ಮೂಲ್ಯಾಗ ಮಡಚಿದ್ರ ಹತ್ತೂದಿಲ್ಲ. ಟಿವಿ ಬೆನ್ನ ಒರಸಿದಿ? ಖರೇ? ಮತ್ತ ಈ ಧೂಳಾ ಎಲ್ಲಿಂದ ಬಂತು? ಧೂಳಿದ್ರ ಅಂಟೂದಿಲ್ಲ ಅಂತ ಎಷ್ಟ ಸಲ ಹೇಳಬೇಕು!

ಯಾಕ ನಗತಿ? ಗಂಡ ಕಚೇರಿ ಬಿಟ್ಟು ವಾಯರ್‌ಮನ್ ಆದ ಅಂತ? ನಗು, ನಗು. ಅನಗೋಳದಾಗ ಯಾರ ಮನ್ಯಾಗ ಐತಿ ಹಿಂತಾದ್ದು? ಟಿವ್ಯಾಗ ಸಮುದ್ರ ಬಂದ್ರ ಗ್ವಾಡಿ ನೀಲಿ, ಬೆಂಕಿ ಬಂದ್ರ ಗ್ವಾಡಿ ಕೆಂಪ!

ಏನಂದಿ?... ಟಿವಿ ಮ್ಯಾಲಿನ ಕ್ಯಾಮೆರಾ? ಅದು ಪರದೆ ನೋಡಿ ಬಣ್ಣ ಹೇಳತೈತಿ, ಪಟ್ಟಿ ಹಂಗ ಬೆಳಗತೈತಿ. ಅಷ್ಟ. ಪಟ್ಟಿ ಬರೂದ್ರಾಗ ಹೋದ ರವಿವಾರನ ಅದನ್ನ ಯಾಕ ಕೂಡ್ರಿಸಿದೆ ಅಂತ?... ಮೊದಲ ಬಂತು, ಮೊದಲ ಹಚ್ಚಿದೆ! ಏನ ವಕೀಲರಗತೆ ಕೇಳತಿ? ಕೇಳಾವ ನಾನು.

ಹೌದು, ನಾನ ಕೇಳತೇನಿ. ಗುರುವಾರ ಮಧ್ಯಾಹ್ನ ಮನಿಗೆ ಯಾರ ಬಂದಿದ್ರು?... ಯಾರೂ ಇಲ್ಲ. ಛಲೋ. ಬಾಜೂಮನಿ ಅಕ್ಕವ್ವ? ಆಕೀನೂ ಇಲ್ಲ. ಮತ್ತ ವೈರ್ ಎಳಿಯಾಕ ಸೋಫಾ ಸರಸಿದ್ರ ಕೆಳಗ ಅಕ್ಕಿಕಾಳ! ಅಡಗಿಮನ್ಯಾಗಿನ ಅಕ್ಕಿ ತಾನ ನಡಕೊಂಡ ಬಂತು? ಯಾರಿಗೋ ಉಡಿ ತುಂಬೀದಿ. ಫೋನ್ ಹಿಡಕೊಂಡ ಹಿತ್ತಲಕ ಹೋಗಿ ಪಿಸಿಪಿಸಿ ಮಾತಾಡೂದು ನನಗ ಕಾಣೂದಿಲ್ಲ ಅಂತ ತಿಳದಿ?

ಹೆಸರ ನಾನ ಹೇಳಲಿ? ಖಾನಾಪುರ ಬಸ್ ಹಿಡಿದು ಬಂದಾಕಿ... ಹಾಂ, ತಲಿ ತಗ್ಗಿಸಿದಿ! ಮನಿಷಾ. ನನ್ನ ತಂಗಿ. ನನ್ನ ಒಂದ ಮಾತ ಕೇಳದ ಆ ಬಾಳೇಶನ ಕೂಡ ಲಗ್ನಾ ಮಾಡಿಕೊಂಡಾಕಿ. ಈ ಹೊಸ್ತಲಾ ತುಳಿಬ್ಯಾಡ ಅಂದಿದ್ದೆ, ನೀ ಕರದ ತುಳಸಿದಿ!

ಏನು?... ಆಕಿ ಬಸರಿ, ಅವ್ವ ಇಲ್ಲ, ಕುಬಸಾ ತವರಮನಿಯವ್ರ ಮಾಡಬೇಕು... ಗೊತ್ತೈತಿ! ನನಗ ಕಲಸಬ್ಯಾಡ. ಅಣ್ಣ ಅನ್ನಾವ ಬದಕಿದ್ದಾಗ ಕದ್ದ ಮಾಡೂದೂ ಒಂದ ಕುಬಸಾ ಏನು?

ಅಳಬ್ಯಾಡ. ಪಟ್ಟಿ ಹಿಡಿ, ಸ್ವಿಚ್ ಹಾಕತೇನಿ... ಬಂತು! ಬಂತಲ್ಲ! ಕೆಂಪ ಸರಿ, ನೀಲಿ ಸರಿ... ಹಸಿರ ಸರಿ ಬರವಲ್ದು ನೋಡು. ಸವತಿಕಾಯಿ ಸಿಪ್ಪಿಗತೆ ಆಗೇತಿ. ಇಷ್ಟ ತಿಳಿ ಬ್ಯಾಡ, ತುಸು ಗಾಢ... ಮೊನ್ನೆ ಮನಿಷಾನ ಸೀರಿ ಇತ್ತಲ್ಲ, ಹಂಗ. ಕೆಂಪ ಅಂಚಿಂದು. ಎಷ್ಟ ಒಪ್ಪತಿತ್ತು ಆಕಿಗೆ...

ಯಾಕ ಪಟ್ಟಿ ಕೈ ಬಿಟ್ಟಿ?

ಅಲ್ಲ... ಕುಬಸಕ್ಕ ಹಸಿರ ಸೀರಿನ ಉಡಸತಾರಲ್ಲ, ಅದಕ್ಕ ಅಂದೆ. ಅಂಚು?... ಅಂಚು ಹಂಗ ಅಂದಾಜಿಲೆ... ನೀಲಾ, ಹಂಗ ನೋಡಬ್ಯಾಡ. ಕ್ಯಾಮೆರಾ ಮುಟ್ಟಬ್ಯಾಡ!... ಹೌದು. ಸೋಫಾ ಕಡೆ ತಿರುವಿದ್ದೆ. ಕಚೇರ್ಯಾಗ ಕುಂತ ಫೋನಿನ್ಯಾಗ ನೋಡಿದೆ. ಮನಿಗೆ ಬಂದು ಆಕಿನ್ನ ಹೊರಗ ಹಾಕಬೇಕಂತ ಎದ್ದೆ. ಆಗಲಿಲ್ಲ ನನಗ... ನೀ ಆಕಿಗೆ ಬಳಿ ಇಡಸಾಕತ್ತಿದ್ದಿ.

ಬೈ. ಏನರ ಅನ್ನು.

ಹೋಗೂ ಮುಂದ ಆಕಿ ನನ್ನ ಕುರ್ಚಿ ಮ್ಯಾಲ ಕೈ ಇಟ್ಟು ಏನೋ ಅಂದ್ಳು. ನೀ ಸೆರಗಿಲೆ ಕಣ್ಣ ಒರಸಿಕೊಂಡಿ. ಅದರಾಗ ಚಿತ್ರ ಅಷ್ಟ ಬರತೈತಿ, ದನಿ ಬರೂದಿಲ್ಲ. ಏನಂದ್ಳು ನೀಲಾ, ನನ್ನ ಬಗ್ಗೆ?