‘ಸತ್ತಿವೆ’ ಎಂದು ಬರೆದವನು

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಹಿರಿಯ ಅಧಿಕಾರಿಗಳೇ, ವೇದಿಕೆಯ ಮೇಲಿನ ಗಣ್ಯರೇ, ಗಿಡ ನೆಟ್ಟು ನನಗೆ ಇಷ್ಟು ವರ್ಷ ಕೆಲಸ ಕೊಟ್ಟ ರೈತರೇ, ಸಭಿಕರೇ,

ನಿಮಗೆಲ್ಲ ನಾನು ‘ಗಿಡ ಎಣಿಸೋ ಸಾಹೇಬ್ರು’. ಹೊಲದಲ್ಲಿ ಮರ ಬೆಳೆಸಿದವರಿಗೆ ಸರ್ಕಾರ ಮೂರು ವರ್ಷ ಸಹಾಯಧನ ಕೊಡುತ್ತದೆ. ಆದರೆ ಗಿಡ ಬದುಕಿದೆ ಅಂತ ನಾನು ಬರೆಯಬೇಕು. ಮೂವತ್ತೊಂದು ವರ್ಷ ಬರೆದೆ, ಇವತ್ತು ನಿವೃತ್ತಿ. ‘ಮದುವೆಗೆ ಹೋದರೂ ಹೂಕುಂಡ ಎಣಿಸ್ತೀರಲ್ರೀ’ ಅಂತ ನನ್ನ ಹೆಂಡತಿ ಬೈಯುತ್ತಾಳೆ. ಏನು ಮಾಡಲಿ, ಚಟ.

ಈಗಷ್ಟೇ ಸ್ವಾಗತ ಭಾಷಣದಲ್ಲಿ ಹೇಳಿದರು: ‘ಸ್ವಂತ ಅಕ್ಕನ ಅರ್ಜಿಯನ್ನೇ ತಿರಸ್ಕರಿಸಿದ ನಿಷ್ಠಾವಂತರು ಇವರು.’ ನೀವು ಚಪ್ಪಾಳೆ ತಟ್ಟಿದಿರಿ. ನನಗೆ ತಲೆ ಎತ್ತಲಾಗಲಿಲ್ಲ. ಅದು ನಿಷ್ಠೆಯೇ? ಖಂಡಿತ ಅಲ್ಲ.

ಅಕ್ಕನ ಹೊಲಕ್ಕೆ ನಾನು ಹೋದದ್ದು ಎಲೆ ಉದುರುವ ಕಾಲದಲ್ಲಿ. ನಾನೂರು ಸಾಗುವಾನಿ ಸಸಿ, ಒಂದರಲ್ಲೂ ಎಲೆಯಿಲ್ಲ. ಬೇರೆಯವರ ಹೊಲವಾಗಿದ್ದರೆ ಉಗುರಿನಿಂದ ತೊಗಟೆ ಕೆರೆದು, ಒಳಗೆ ಹಸಿರಿದೆಯಾ ಅಂತ ನೋಡುತ್ತಿದ್ದೆ. ಅಲ್ಲಿ ಬೈಕಿನಿಂದ ಇಳಿಯಲೇ ಇಲ್ಲ. ‘ಅಕ್ಕನ ಹೊಲ ಅಂತ ಬದುಕಿವೆ ಎಂದು ಬರೆದುಕೊಟ್ಟ’ ಅಂತ ಜನ ಆಡಿಕೊಂಡರೆ? ಆ ಭಯಕ್ಕೆ ‘ಸತ್ತಿವೆ’ ಅಂತ ಬರೆದೆ.

‘ಲೋ, ಒಂದನ್ನಾದರೂ ಮುಟ್ಟಿ ನೋಡೋ’ ಅಂದಳು ಅಕ್ಕ. ‘ಕಾನೂನು ಅಂದ್ರೆ ಕಾನೂನು’ ಅಂದೆ. ಎಂಥಾ ದೊಡ್ಡಸ್ತಿಕೆ ನೋಡಿ! ಎರಡೇ ತಿಂಗಳಿಗೆ ಗಿಡ ಚಿಗುರಿದವು. ಸಹಾಯಧನವಿಲ್ಲದೆ ಅವಳೇ ಕೊಡದಲ್ಲಿ ನೀರು ಹೊತ್ತು ಸಾಕಿದಳು. ನಾನು ವರದಿ ತಿದ್ದಲಿಲ್ಲ; ತಿದ್ದಿದರೆ ನನ್ನ ಹೆಸರು ಕೆಡುತ್ತಿತ್ತಲ್ಲ! ಆರು ವರ್ಷವಾಯಿತು. ಆವತ್ತಿನಿಂದ ಅಕ್ಕ ನನ್ನನ್ನು ‘ಸಾಹೇಬ್ರೇ, ಬನ್ನಿ, ಕೂತ್ಕೊಳ್ಳಿ’ ಅಂತಾಳೆ. ನನ್ನನ್ನು ಎತ್ತಿ ಆಡಿಸಿದವಳು! ಆ ಬಹುವಚನ ಕೇಳಿದಾಗೆಲ್ಲ ಕೂರದೆ ವಾಪಸ್ ಬಂದುಬಿಡುತ್ತೇನೆ. ಇವತ್ತು ನನ್ನ ಹೆಂಡತಿ ಅವಳನ್ನು ಬಲವಂತವಾಗಿ ಕರೆತಂದಿದ್ದಾಳೆ; ಅಗೋ, ಅಕ್ಕ ಕೊನೆಯ ಸಾಲಿನಲ್ಲಿ ಕೂತಿದ್ದಾಳೆ.

ಅಧ್ಯಕ್ಷರೇ, ನಿಮ್ಮ ಮುಂದಿರುವ ಲಕೋಟೆ ನಾನಿಟ್ಟದ್ದು. ಮೊನ್ನೆ ಹೋಗಿ ಒಂದೊಂದೇ ಎಣಿಸಿದೆ. ಮುನ್ನೂರ ತೊಂಬತ್ತಾರು ಮರ ನನಗಿಂತ ಎತ್ತರ ನಿಂತಿವೆ. ಹಳೆಯ ವರದಿ ಸುಳ್ಳು, ತಪ್ಪು ನನ್ನದು ಅಂತ ಬರೆದು ಸಹಿ ಹಾಕಿದ್ದೇನೆ. ವಿಚಾರಣೆ ಇಟ್ಟು ಪಿಂಚಣಿ ತಡೆದರೂ ಸರಿ, ಅಕ್ಕನ ಅರ್ಜಿ ಮತ್ತೆ ತೆರೆಯಿರಿ.

ಅಕ್ಕಾ, ತಪ್ಪಾಯಿತು. ಎಲ್ಲರೆದುರಿಗೇ ಹೇಳುತ್ತಿದ್ದೇನೆ. ಅಯ್ಯೋ, ಯಾಕೆ ಎದ್ದೆ? ಹೋಗಬೇಡ, ಇನ್ನೊಂದು ಮಾತಿದೆ... ಏನು? ಇನ್ನೊಂದು ಸಲ ಹೇಳು, ಮೈಕಿನ ಸದ್ದಿಗೆ ಕೇಳಿಸಲಿಲ್ಲ.

‘ಸಾಕು, ಬಾರೋ ಈಚೆ’ ಅಂದೆಯಾ?

ಸಭಿಕರೇ, ಹಾರ, ಶಾಲು ಎಲ್ಲ ಆಮೇಲೆ. ನಿಮಗೆಲ್ಲ ಒಟ್ಟಿಗೇ ವಂದನೆ ಹೇಳಿಬಿಡುತ್ತೇನೆ. ಅಕ್ಕ ಕರೀತಿದ್ದಾಳೆ. ನಮಸ್ಕಾರ.