ಮುಚ್ಚಿಟ್ಟ ಎಡಗೈ

ತೊಂಡೇಬಾವಿ ರೈಲು ನಿಲ್ದಾಣದಲ್ಲಿ ಆ ಸಂಜೆ ಮಳೆಗೆ ಸಿಕ್ಕಿ ಐದಾರು ಮಂದಿ ಉಳಿದುಕೊಂಡಿದ್ದೆವು. ರೈಲು ಎರಡು ಗಂಟೆ ತಡ. ತಗಡಿನ ಸೂರಿನ ಮೇಲೆ ಮಳೆಯ ಆರ್ಭಟ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದೆ ಎಲ್ಲರೂ ಒಂದೇ ಮರದ ಬೆಂಚಿನ ಸುತ್ತ ಸೇರಿದ್ದೆವು. ಬೆಂಚಿನ ತುದಿಯಲ್ಲಿ, ಕೊರಳಿಗೆ ಕಾರ್ಖಾನೆಯ ಗುರುತಿನ ಚೀಟಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಯುವಕನೊಬ್ಬ ಕುಳಿತಿದ್ದ. ಕೊನೆಗೆ ಬಂದವರು ಎಪ್ಪತ್ತು ದಾಟಿದ ಮುನಿನಾರಾಯಣಪ್ಪ. ಗೌರಿಬಿದನೂರಿನಲ್ಲಿ ಸೀರೆ ಮಗ್ಗಗಳಿಗೆ ರಟ್ಟಿನಲ್ಲಿ ತೂತು ಹೊಡೆದು ಡಿಸೈನ್ ಕೂರಿಸುತ್ತಿದ್ದವರು. ನೆನೆದ ಟವೆಲ್ ಹಿಂಡಿ ಆ ಯುವಕನ ಪಕ್ಕದಲ್ಲೇ ಕುಳಿತರು.

“ದೆವ್ವದ ಕತೆ ಹೇಳ್ಲಾ?” ಎಂದರು.

“ಹೇಳಿ ತಾತ, ದೆವ್ವಾನಾದ್ರೂ ಟೈಮಿಗೆ ಬರುತ್ತಾ ನೋಡಣ,” ಎಂದು ಯುವಕ ನಕ್ಕು ಇಯರ್‌ಫೋನ್ ತೆಗೆದ.

“ನನ್ ಮೊಮ್ಮಗಳು ತನುಜಂಗೆ ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಕೆಲಸ ಕಣ್ರಪ್ಪ. ನಂದಿ ತಪ್ಪಲಿನ ಹಳೇ ಬಂಗಲೆ ಒಡೆಯೋವಾಗ ತಾನಾಗೇ ನುಡಿಯೋ ಪಿಯಾನೋ ಒಂದು ಸಿಕ್ತು, ಅದರ್ ಜೊತೆ ಪೆಟ್ಟಿಗೆ ತುಂಬ ಕಾಗದದ ಸುರುಳಿ... ಸುರುಳಿ ತುಂಬ ತೂತು. ತೂತು ಬಂದ ಕಡೆ ಕೀ ತಾನೇ ತಗ್ಗಿ ಸ್ವರ ಹೊರಡುತ್ತೆ. ನನ್ ರಟ್ಟಲ್ಲಿ ತೂತು ಬಂದ ಕಡೆ ದಾರ ಏಳ್ತಿರ್ಲಿಲ್ವಾ, ಹಂಗೇ! ಮುಟ್ಟಿದ್ರೆ ಪುಡಿಯಾಗೋ ಕಾಗದ. ಅದಕ್ಕೇ ತನುಜ ಎಲ್ಲಾನೂ ಸ್ಕ್ಯಾನ್ ಮಾಡಿ, ಆ ತೂತು ಓದಿ ಕಂಪ್ಯೂಟರೇ ನುಡಿಸೋ ಹಂಗ್ ಮಾಡ್ತಿದ್ಲು.

“ಒಂದ್ ಸುರುಳೀಲಿ ಮಾತ್ರ ಎಡಗೈ ಕಡೆ ತೂತಿಗೆಲ್ಲ ಕಾಗದದ ಚೂರು ಅಂಟಿಸಿತ್ತು. ಡಬ್ಬಿ ಮೇಲಿನ ಇಂಗ್ಲಿಷ್ ಬರಹಾನ ತನುಜ ಓದಿ ಹೇಳಿದ್ಲು... ಬಂಗಲೆ ದೊರೆಸಾನಿ ನುಡಿಸ್ತಿದ್ದಂಗೇ ಮಿಷನ್ನು ತೂತು ಹೊಡೆದು ಬರ್ಕೊಂಡ ಸುರುಳಿಯಂತೆ ಅದು. ನುಡಿಸ್ತಾ ನುಡಿಸ್ತಾನೇ ಆಯಮ್ಮ ಪ್ರಾಣ ಬಿಟ್ಲಂತೆ. ಬಲಗೈ ನಿಂತ್ಕೊಂತು, ಎಡಗೈ ನಿಲ್ಲಲಿಲ್ಲ, ಅದಕ್ಕೇ ಮುಚ್ಚಿದ್ದೀನಿ, ತೆಗೀಬೇಡಿ, ಅಂತ ಗಂಡ ಬರೆದಿದ್ದ. ‘ಹಂಗೇ ಬಿಡಣ ತಾತ’ ಅಂದ್ಲು. ನಾನ್ ಕೇಳಿದ್ನಾ? ನಲವತ್ ವರ್ಷ ರಟ್ಟು ಕೊರೆದ ಕೈ ಇದು... ಒಂದ್ ತೂತು ಮುಚ್ಕೊಂಡ್ರೆ ಸೀರೇಲಿ ಹೂವು ಹಾಳು, ನಂಗೆ ಗೊತ್ತಿದ್ದುದು ಅಷ್ಟೇ. ‘ದೊರೆಸಾನಿ ನಿನ್ ಕಂಪ್ಯೂಟರೊಳಕ್ಕೆ ಬಂದ್ ಕೂರ್ತಾಳೇನೇ’ ಅಂತ ಆಡ್ಕೊಂಡು, ಇಡ್ಲಿ ಪಾತ್ರೆ ಆವೀಲಿ ಅಂಟು ನೆನೆಸಿ, ಒಂದೊಂದಾಗಿ ನಾನೇ ಬಿಡಿಸ್ದೆ.

“ಕಂಪ್ಯೂಟರ್ ನುಡಿಸ್ತು ನೋಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ತನುಜ ಒಬ್ಳೇ ಕೇಳಿದ್ಲು... ಬಲಗೈದು ಮುಗೀತು. ಸುರುಳೀನೂ ಮುಗೀತು. ಎಡಗೈದು ಮುಗೀಲೇ ಇಲ್ಲ! ಮಾರನೇ ದಿನ ಊಟಕ್ಕೆ ಕೂತಾಗ ತನುಜನ ಎಡಗೈ ತಟ್ಟೆ ಪಕ್ಕ ಕುಟ್ಟೋಕೆ ಶುರು ಮಾಡ್ತು. ನಿದ್ದೇಲೂ ಕುಟ್ತು. ಡಾಕ್ಟ್ರು ನರ ಅಂದ್ರು, ಪೂಜಾರಪ್ಪ ಗಾಳಿ ಅಂದ. ಒಂಬತ್ತನೇ ದಿನ ಮಗು ಉಸಿರು ನಿಂತ್ ಹೋಯ್ತು... ಎಡಗೈ ನಿಲ್ಲಲಿಲ್ಲ. ಆ ಕೈ ಕಟ್ಟಿ ಮಣ್ಣು ಮಾಡಿದ್ವಿ.

“ಎಲ್ಲಾ ತೂತೂ ಮತ್ತೆ ಅಂಟಿಸ್ದೆ. ಏನ್ ಬಂತು? ಕಾಗದದ ತೂತಿಗೆ ಅಂಟು ಹಾಕ್ಬಹುದು, ಕಂಪ್ಯೂಟರೊಳಗಿನ ತೂತಿಗೆ ಏನ್ ಹಾಕ್ಲಿ? ಅದನ್ನ ಅಳಿಸಿದ ಮೇಲೆ ಗೊತ್ತಾಯ್ತು, ಕೇಳ್ರಿ ಅಂತ ತನುಜ ಆ ಹಾಡ್ನ ಮೂರ್ ಜನ ಸ್ನೇಹಿತ್ರಿಗೆ ಮೊದಲೇ ಕಳ್ಸಿದ್ಲು. ಶಿಡ್ಲಘಟ್ಟಕ್ಕೆ ಪವಿತ್ರನ ಮನೆಗೆ ಹೋದೆ... ಮುಂದೆ ಶಾಮಿಯಾನ ಹಾಕಿತ್ತು, ಹೆಂಗಸ್ರು ಅಳ್ತಿದ್ರು. ಚಿಂತಾಮಣೀಲಿ ಭಾನುಪ್ರಕಾಶನ ಮನೆ... ಅಲ್ಲೂ ಶಾಮಿಯಾನ. ಮೂರನೆಯವನು ಕುಡುಮಲಕುಂಟೆ ಕಾರ್ಖಾನೇಲಿದ್ದಾನೆ. ಇವತ್ತು ಹೋಗಿ ಕೇಳಿದ್ರೆ, ಈಗ್ತಾನೆ ಸ್ಟೇಷನ್‌ಗೆ ಹೋದ ಅಂದ್ರು. ಸುನೀಲ್‌ಕುಮಾರ್ ಅಂತ.”

ನಾವೆಲ್ಲ ಯುವಕನ ಕೊರಳಿನ ಚೀಟಿಯತ್ತ ನೋಡಿದೆವು. ಅದೇ ಹೆಸರು.

“ಅಳಿಸ್ಬಿಡ್ತೀನಿ ತಾತ... ಈಗ್ಲೇ ಅಳಿಸ್ತೀನಿ,” ಎಂದು ಅವನು ಬಲಗೈಯಿಂದ ಫೋನ್ ತಡಕಾಡಿದ.

ಅಷ್ಟರಲ್ಲಿ ಮಳೆ ಥಟ್ಟನೆ ನಿಂತಿತು. ಅಲ್ಲಿಯವರೆಗೆ ಸೂರಿನದೆಂದೇ ನಾವು ತಿಳಿದಿದ್ದ ಟಪಟಪ ಸದ್ದು ಮಾತ್ರ ನಿಲ್ಲಲಿಲ್ಲ. ತಾಳ ತಪ್ಪದೆ, ಬೆಂಚಿನ ಹಲಗೆಯ ಮೇಲೆ ಮುಂದುವರಿದಿತ್ತು.

ಮುನಿನಾರಾಯಣಪ್ಪ ತಮ್ಮ ಟವೆಲನ್ನು ಅವನ ಎಡಗೈಗೆ ನಿಧಾನವಾಗಿ ಸುತ್ತಿದರು.

“ಅಳಿಸೋದ್ ಇರಲಿ ಕಣಪ್ಪ,” ಎಂದರು. “ನೀನ್ ಯಾರ್ಯಾರಿಗೆ ಕಳ್ಸಿದ್ದೀಯ, ಅದನ್ ಹೇಳು.”